ಸೋಲನ್ನು ಬಲ್ಲ ಸಾಹಸ: ‘ಕ್ಯಾಪ್ಟನ್ ಅಲಾತ್ರಿಸ್ತೆ’ ಕಾದಂಬರಿಮಾಲೆಯ ನಿರೂಪಣೆಯನ್ನು ಕುರಿತು

ಸಾಹಸ ಕಾದಂಬರಿಗೆ ವಿಮರ್ಶೆಯ ಪಂಕ್ತಿಯಲ್ಲಿ ಗೌರವದ ಎಲೆ ಹಾಕುವ ರೂಢಿ ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲಿಯೂ ಇಲ್ಲ. ಕತ್ತಿವರಸೆ, ಮುಸುಕು, ನಡುರಾತ್ರಿಯ ಹೊಂಚು, ಕೈತಪ್ಪಿದ ಓಲೆ, ಕೊನೆಯ ಗಳಿಗೆಯಲ್ಲಿ ಪ್ರಾಣ ಉಳಿಸಿಕೊಳ್ಳುವ ನಾಯಕ ಮುಂತಾದ ಸಾಮಗ್ರಿಯಿಂದ ಕಟ್ಟಿದ ಕಥನವನ್ನು ಹದಿಹರೆಯದ ಓದೆಂದು ಬದಿಗಿರಿಸುವುದೇ ವಾಡಿಕೆ. ಈ ಸಾಮಗ್ರಿಯಲ್ಲಿ ಒಂದನ್ನೂ ಬಿಡದೆ ಬಳಸಿಕೊಂಡು, ಒಂದು ಸಾಮ್ರಾಜ್ಯದ ಅವನತಿಯನ್ನು ಸಾಧಾರಣ ಸಿಪಾಯಿಯ ಮಗ್ಗುಲಲ್ಲಿ ನಿಂತು ನೋಡಿದ ಕಾದಂಬರಿಮಾಲೆಯೊಂದು ಸ್ಪ್ಯಾನಿಷ್ ಭಾಷೆಯಲ್ಲಿದೆ. ಆರ್ತುರೋ ಪೆರೆಸ್-ರೆವೆರ್ತೆ ೧೯೯೬ರಲ್ಲಿ ಆರಂಭಿಸಿದ ‘ಕ್ಯಾಪ್ಟನ್ ಅಲಾತ್ರಿಸ್ತೆಯ ಸಾಹಸಗಳು’ ಎಂಬ ಈ ಮಾಲೆ ಸ್ಪೇನಿನಲ್ಲಿ ಬಹು ಜನಪ್ರಿಯವಾದುದು. ಹಳೆಯ ಸೈನ್ಯ, ಹಳೆಯ ಧ್ವಜ, ಹಳೆಯ ಕೆಚ್ಚುಗಳನ್ನು ಇಷ್ಟು ಪ್ರೀತಿಯಿಂದ ವರ್ಣಿಸುವ ಬರಹ ಗತಿಸಿದ ಸಾಮ್ರಾಜ್ಯದ ವೈಭವಗಾನವಲ್ಲವೆ ಎಂಬ ಸಂಶಯ ಓದುಗನಿಗೆ ಬರುವುದು ಸಹಜ. ಆ ಸಂಶಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದಕ್ಕೆ ಉತ್ತರ ಕಥಾವಸ್ತುವಿನಲ್ಲಿ ಅಷ್ಟಾಗಿ ಇಲ್ಲ, ಕಥೆ ಹೇಳುವವನಲ್ಲಿದೆ ಎಂಬುದು ನನ್ನ ಅಭಿಪ್ರಾಯ. (ಕೃತಿಗಳ ಹೆಸರುಗಳನ್ನು ಇಲ್ಲಿ ಅರ್ಥಾನುಸಾರಿಯಾಗಿ ಕನ್ನಡದಲ್ಲಿ ಕೊಡಲಾಗಿದೆ.)

ಪೆರೆಸ್-ರೆವೆರ್ತೆ ಹುಟ್ಟಿದ್ದು ೧೯೫೧ರಲ್ಲಿ, ಸ್ಪೇನಿನ ಆಗ್ನೇಯ ಕರಾವಳಿಯ ಬಂದರು ಪಟ್ಟಣ ಕಾರ್ತಹೇನಾದಲ್ಲಿ. ೧೯೭೩ರಿಂದ ೧೯೯೪ರವರೆಗೆ ಮೊದಲು ಪತ್ರಿಕೆಗೆ, ಆಮೇಲೆ ದೂರದರ್ಶನಕ್ಕೆ ಯುದ್ಧ ವರದಿಗಾರರಾಗಿ ದುಡಿದವರು. ಬಾಲ್ಕನ್ ಯುದ್ಧಗಳನ್ನು ಕಣ್ಣಾರೆ ಕಂಡವರು. ಮಾಲೆಯಲ್ಲಿ ಬರುವ ಕಂದಕಗಳ ಕೆಸರು, ಹೇನು, ಹಸಿವು, ಬಾಕಿ ಉಳಿದ ಸಂಬಳ, ಗಾಯಾಳುಗಳ ನರಳಾಟ ಇವೆಲ್ಲ ಗ್ರಂಥಾಲಯದಿಂದ ಮಾತ್ರ ಬಂದವಲ್ಲ ಎಂಬುದು ಓದುವಾಗಲೇ ಗೊತ್ತಾಗುತ್ತದೆ. ತಮ್ಮ ಮಗಳ ಶಾಲಾ ಪಠ್ಯಪುಸ್ತಕದಲ್ಲಿ ಸ್ಪೇನಿನ ‘ಸುವರ್ಣಯುಗ’ಕ್ಕೆ ದಕ್ಕಿದ್ದ ಅತ್ಯಲ್ಪ ಜಾಗವನ್ನು ಕಂಡು ಈ ಮಾಲೆಯನ್ನು ಕೈಗೆತ್ತಿಕೊಂಡುದಾಗಿ ಲೇಖಕರು ಹೇಳಿಕೊಂಡಿದ್ದಾರೆ. ಮೊದಲ ಸಂಪುಟದ ಮುಖಪುಟದಲ್ಲಿ ಮಗಳು ಕಾರ್ಲೋತಾಳ ಹೆಸರೂ ಸಹಲೇಖಕಿಯಾಗಿ ಇದೆ. ಹೀಗೆ ಇದು ಹುಟ್ಟಿನಿಂದಲೇ ಬೋಧನೆಯ ಉದ್ದೇಶವನ್ನು ಹೊತ್ತ ಕೃತಿ. ಬೋಧಿಸಹೊರಟ ಕಾದಂಬರಿ ಸಾಮಾನ್ಯವಾಗಿ ಎಡವುವ ಜಾಗಗಳಲ್ಲಿ ಇದೂ ಕೆಲವೊಮ್ಮೆ ಎಡವುತ್ತದೆ. ಆ ವಿಚಾರ ಮುಂದೆ ಬರಲಿದೆ.

ಕಥೆಯ ಕಾಲ ೧೬೨೩ರಿಂದ ಮುಂದಕ್ಕೆ. ನಾಲ್ಕನೆಯ ಫಿಲಿಪ್ ಸಿಂಹಾಸನವೇರಿ ಎರಡು ವರ್ಷ ಕಳೆದಿದೆ. ರಾಜ್ಯದ ಸೂತ್ರ ಮಂತ್ರಿ ಒಲಿವಾರೆಸ್‌ನ ಕೈಯಲ್ಲಿದೆ. ದಿಯೇಗೊ ಅಲಾತ್ರಿಸ್ತೆ ಫ್ಲಾಂಡರ್ಸಿನ ಯುದ್ಧಗಳಲ್ಲಿ ಸವೆದ ಸಿಪಾಯಿ. ಯುದ್ಧವಿಲ್ಲದಾಗ ಮಾದ್ರಿದಿನಲ್ಲಿ ಹಣಕ್ಕಾಗಿ ಪರರ ಹಗೆ ತೀರಿಸುವ ಬಾಡಿಗೆಯ ಕತ್ತಿಯಾಳು. ಅವನು ಕ್ಯಾಪ್ಟನ್ನೂ ಅಲ್ಲ ಎಂಬುದು ಗಮನಾರ್ಹ. ಒಂದು ಕಾಳಗದಲ್ಲಿ ನಿಜವಾದ ನಾಯಕ ಮಡಿದಾಗ ಉಳಿದವರನ್ನು ಇವನು ಮುನ್ನಡೆಸಿದ್ದರಿಂದ ಆ ಬಿರುದು ಅಂಟಿಕೊಂಡಿತು. ಮಾಲೆಯ ಶೀರ್ಷಿಕೆಯೇ ಸರಕಾರಿ ದಫ್ತರದಲ್ಲಿ ಇಲ್ಲದ ಪದವಿ. ಅವನಿಗೆ ಜಮೀನಿಲ್ಲ, ಹೆಂಡತಿಯಿಲ್ಲ, ನಿವೃತ್ತಿಯ ಭರವಸೆಯಿಲ್ಲ. ಲೆಬ್ರಿಹಾನಾ ಎಂಬಾಕೆ ನಡೆಸುವ ‘ತುರ್ಕನ ಪಾನಗೃಹ’ದ ಹಿಂದಿನ ಬಿಡಾರವೇ ಮನೆ. ಫ್ಲಾಂಡರ್ಸಿನಲ್ಲಿ ಸತ್ತ ಗೆಳೆಯನ ಮಗ, ಹದಿಮೂರರ ಹುಡುಗ ಇನ್ಯೀಗೊ ಬಾಲ್ಬೋವಾ ಅವನ ಆಶ್ರಯದಲ್ಲಿದ್ದಾನೆ. ಇವನೇ ನಿರೂಪಕ.

ನಿರೂಪಕ ಎಂದಾಗ ಒಂದು ಭೇದವನ್ನು ಮಾಡಿಕೊಳ್ಳಬೇಕು. ಘಟನೆಗಳನ್ನು ಕಂಡವನು ಹುಡುಗ; ಬರೆಯುತ್ತಿರುವವನು ಮುದುಕ. ಇವರಿಬ್ಬರ ನಡುವೆ ಹಲವು ದಶಕಗಳ ಅಂತರವಿದೆ. ಕಾದಂಬರಿ ಹುಡುಗನ ಬೆರಗಿನ ಕಣ್ಣಿನಿಂದ ಕತ್ತಿಕಾಳಗವನ್ನು ತೋರಿಸುತ್ತಿರುವಾಗಲೇ ಮುದುಕನ ದನಿ ನಡುವೆ ಬಂದು, ಈ ದೃಶ್ಯದಲ್ಲಿರುವ ಯಾರು ಯಾವಾಗ ಎಲ್ಲಿ ಸತ್ತರೆಂದು ತಿಳಿಸಿಬಿಡುತ್ತದೆ. ಅಲಾತ್ರಿಸ್ತೆಯ ಸಾವೂ ಗುಟ್ಟಲ್ಲ. ೧೬೪೩ರ ಮೇ ೧೯ರಂದು ರೊಕ್ರುವಾದಲ್ಲಿ ಫ್ರೆಂಚರ ಎದುರು ಸ್ಪೇನಿನ ಹಳೆಯ ಕಾಲಾಳುಪಡೆ ನುಚ್ಚುನೂರಾದ ದಿನ ಅವನೂ ಬೀಳುತ್ತಾನೆಂದು ಓದುಗನಿಗೆ ಮೊದಲ ಕೆಲವು ಸಂಪುಟಗಳಲ್ಲೇ ತಿಳಿಯುತ್ತದೆ. ಸಾಹಸ ಕಾದಂಬರಿಯ ಜೀವಾಳವೆಂದರೆ ನಾಯಕ ಬದುಕುತ್ತಾನೋ ಇಲ್ಲವೋ ಎಂಬ ಕಾತರ. ಅದನ್ನು ಲೇಖಕರು ತಾವಾಗಿಯೇ ಕೈಬಿಟ್ಟಿದ್ದಾರೆ. ೧೬೨೩ರ ಬೀದಿಜಗಳದಲ್ಲಾಗಲಿ ೧೬೨೬ರ ಹಡಗಿನ ಕಾಳಗದಲ್ಲಾಗಲಿ ಅವನು ಸಾಯುವುದಿಲ್ಲವೆಂದು ನಮಗೆ ಗೊತ್ತು. ಎಲ್ಲಿ ಸಾಯುತ್ತಾನೆಂದೂ ಗೊತ್ತು. ಆದ್ದರಿಂದ ಓದುಗನ ಗಮನ ಗೆಲುವಿನಿಂದ ನಡತೆಯ ಕಡೆಗೆ ಸರಿಯುತ್ತದೆ: ಈ ಮನುಷ್ಯ ಹೇಗೆ ಪಾರಾದ ಎನ್ನುವುದಕ್ಕಿಂತ ಏನನ್ನು ಮಾಡಲು ಒಪ್ಪಿದ, ಯಾವುದನ್ನು ಒಪ್ಪಲಿಲ್ಲ ಎಂಬುದು ಮುಖ್ಯವಾಗುತ್ತದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವೂ ತನ್ನ ಅಂತ್ಯವನ್ನು ಹೆಸರಿನಲ್ಲೇ ಸಾರಿಕೊಂಡು ಹೊರಟ ಕೃತಿ ಎಂಬುದು ಇಲ್ಲಿ ಕನ್ನಡದ ಓದುಗರಿಗೆ ನೆನಪಾಗದಿರದು. ಆದರೆ ಅಲ್ಲಿ ಅಸ್ತಮಿಸುವುದು ಒಂದು ದುರ್ಗ, ಒಬ್ಬ ದೊರೆ. ಇಲ್ಲಿ ಅಸ್ತಮಿಸುವವನು ಹೆಸರಿಲ್ಲದ ಕೂಲಿಯಾಳು.

ಮೊದಲ ಸಂಪುಟದ ಕೇಂದ್ರ ಘಟನೆಯನ್ನು ಈ ದೃಷ್ಟಿಯಿಂದ ನೋಡಬಹುದು. ೧೬೨೩ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್, ಬಕಿಂಗ್‌ಹ್ಯಾಮ್‌ನನ್ನು ಜೊತೆಗೆ ಕರೆದುಕೊಂಡು, ಸ್ಮಿತ್ ಎಂಬ ಸುಳ್ಳುಹೆಸರಿನಲ್ಲಿ ಮಾದ್ರಿದಿಗೆ ಬಂದದ್ದು ಇತಿಹಾಸ. ಸ್ಪೇನಿನ ರಾಜಕುಮಾರಿ ಮರಿಯಾಳನ್ನು ವರಿಸುವುದು ಅವನ ಉದ್ದೇಶ. ಆ ಮದುವೆ ನಡೆಯಲಿಲ್ಲ. ಕಾದಂಬರಿಯಲ್ಲಿ ಈ ಇಬ್ಬರು ಪಯಣಿಗರ ಮೇಲೆ ಬೀಳಲು ಅಲಾತ್ರಿಸ್ತೆಗೂ ಇಟಲಿಯ ಮಾಲತೆಸ್ತಾನಿಗೂ ಹಣ ಕೊಡಲಾಗುತ್ತದೆ. ಮುಸುಕು ಹಾಕಿದವರು ಗಾಯಗೊಳಿಸಿದರೆ ಸಾಕೆನ್ನುತ್ತಾರೆ. ಅವರ ಹಿಂದಿನಿಂದ ಬಂದ ಧರ್ಮನ್ಯಾಯಾಲಯದ ಸಂನ್ಯಾಸಿ ಬೋಕಾನೆಗ್ರಾ ಕೊಲ್ಲಲೇಬೇಕೆನ್ನುತ್ತಾನೆ. ಕತ್ತಲ ಗಲ್ಲಿಯಲ್ಲಿ ಪಯಣಿಗರಲ್ಲೊಬ್ಬ ತನ್ನ ಪ್ರಾಣವನ್ನು ಬೇಡದೆ ಸಂಗಾತಿಯ ಪ್ರಾಣವನ್ನು ಬೇಡಿದಾಗ ಅಲಾತ್ರಿಸ್ತೆಯ ಕೈ ತಡೆಯುತ್ತದೆ. ಅವರು ಯಾರೆಂದು ಅವನಿಗೆ ಗೊತ್ತಿಲ್ಲ. ರಾಜನೀತಿಯೂ ಧರ್ಮಬುದ್ಧಿಯೂ ಅವನನ್ನು ತಡೆದದ್ದಲ್ಲ. ವೃತ್ತಿಯಲ್ಲಿ ಉಳಿದಿದ್ದ ಒಂದು ಹಳೆಯ ಮರ್ಯಾದೆ ತಡೆಯಿತು. ಅದರ ಬೆಲೆಯನ್ನು ಅವನು ಮುಂದಿನ ಸಂಪುಟಗಳುದ್ದಕ್ಕೂ ತೆರುತ್ತಾನೆ.

ಇದನ್ನು ಅಲೆಕ್ಸಾಂಡರ್ ಡ್ಯೂಮಾನ ೧೮೪೪ರ ‘ಮೂವರು ಮಸ್ಕೆಟೀರರು’ ಕೃತಿಯ ಜೊತೆಗಿಟ್ಟು ನೋಡದಿರಲಾಗದು. ಪೆರೆಸ್-ರೆವೆರ್ತೆ ೧೯೯೩ರ ‘ಡ್ಯೂಮಾ ಕ್ಲಬ್’ ಕಾದಂಬರಿಯಲ್ಲಿಯೇ ಆ ಋಣವನ್ನು ಬಹಿರಂಗವಾಗಿ ತೋರಿಸಿದ್ದರು. ಕಾಲವೂ ಹೆಚ್ಚುಕಡಿಮೆ ಅದೇ, ಬಕಿಂಗ್‌ಹ್ಯಾಮ್ ಎರಡರಲ್ಲಿಯೂ ಇದ್ದಾನೆ. ಆದರೆ ಡ್ಯೂಮಾನ ದಾರ್ತಾನ್ಯಾ ಊರು ಬಿಟ್ಟು ಬಂದು ಮೇಲೇರುತ್ತಾನೆ. ಅವನ ಕತ್ತಿ ಅವನಿಗೆ ಹುದ್ದೆ ತರುತ್ತದೆ. ಅಲಾತ್ರಿಸ್ತೆ ಎಷ್ಟು ಸಂಪುಟ ಕಳೆದರೂ ಇದ್ದಲ್ಲಿಯೇ ಇದ್ದಾನೆ. ಡ್ಯೂಮಾನಲ್ಲಿ ಗೆಳೆತನ ಘೋಷಣೆಯಾಗುತ್ತದೆ. ಇಲ್ಲಿ ಅದು ಬಹುಮಟ್ಟಿಗೆ ಮೌನ. ನಾಯಕ ಮಾತಾಡುವುದಕ್ಕಿಂತ ಮೀಸೆ ತೀಡಿಕೊಂಡು ಸುಮ್ಮನಿರುವುದೇ ಹೆಚ್ಚು, ಆ ಮೌನವನ್ನು ತುಂಬುವ ಕೆಲಸ ಇನ್ಯೀಗೊನದು. ಡ್ಯೂಮಾನ ಪ್ರಕಾರವನ್ನು ಸ್ಪೇನಿಗೆ ತಂದು ನೆಟ್ಟಾಗ ಮಣ್ಣಿನ ಗುಣಕ್ಕೆ ಹಣ್ಣು ಕಹಿಯಾಯಿತು. ಆ ಮಣ್ಣು ಸ್ಪೇನಿನ ಪಿಕಾರೆಸ್ಕ್ ಕಾದಂಬರಿ ಮತ್ತು ಸಿಪಾಯಿಗಳ ಆತ್ಮಕಥೆಗಳದು.

ಸಿಪಾಯಿಗಳ ಆತ್ಮಕಥೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹದಿನೇಳನೆಯ ಶತಮಾನದ ಸ್ಪೇನಿನಲ್ಲಿ ಸಾಮಾನ್ಯ ಸಿಪಾಯಿಗಳು ಬರೆದಿಟ್ಟ ಜೀವನವೃತ್ತಾಂತಗಳ ಒಂದು ಸಣ್ಣ ಗುಂಪೇ ಇದೆ. ಅವುಗಳಲ್ಲಿ ಪ್ರಸಿದ್ಧವಾದುದು ಆಲೋನ್ಸೊ ದೆ ಕೊಂತ್ರೇರಾಸ್‌ನದು. ಅವನು ಮೆಡಿಟರೇನಿಯನ್ನಿನಲ್ಲಿ ಕಡಲದಾಳಿ ನಡೆಸಿದವನು, ನಾಟಕಕಾರ ಲೋಪೆ ದೆ ವೇಗಾನ ಮನೆಯಲ್ಲಿ ತಿಂಗಳುಗಟ್ಟಲೆ ಅತಿಥಿಯಾಗಿದ್ದವನು. ಅವನ ಬರಹ ಹಸ್ತಪ್ರತಿಯಾಗಿಯೇ ಉಳಿದು ೧೯೦೦ರಲ್ಲಿ ಅಚ್ಚಾಯಿತು. ಅಲಂಕಾರವಿಲ್ಲದ, ಪಶ್ಚಾತ್ತಾಪವೂ ಹೆಚ್ಚಿಲ್ಲದ, ಕೊಲೆಯನ್ನೂ ಊಟವನ್ನೂ ಒಂದೇ ದನಿಯಲ್ಲಿ ದಾಖಲಿಸುವ ಗದ್ಯ ಅದು. ಕೊಂತ್ರೇರಾಸ್ ಈ ಮಾಲೆಯಲ್ಲಿ ಪಾತ್ರವಾಗಿಯೂ ಬಂದುಹೋಗುತ್ತಾನೆ. ಇನ್ಯೀಗೊನ ಬರಹವೂ ಇಂಥದೇ ಒಂದು ಹಸ್ತಪ್ರತಿ ಎಂಬಂತೆ ಲೇಖಕರು ರೂಪಿಸಿದ್ದಾರೆ. ಸಂಪುಟಗಳ ಕೊನೆಯಲ್ಲಿ ಅಂದಿನ ಕವಿಗಳವೆಂದು ಕೊಡಲಾದ ಪದ್ಯಗಳ ಅನುಬಂಧವಿದೆ. ಅವುಗಳಲ್ಲಿ ನಿಜವಾದವೂ ಇವೆ, ಕಟ್ಟಿದವೂ ಇವೆ. ಗ್ರಂಥಸಂಪಾದನೆಯ ವೇಷವನ್ನು ಹೀಗೆ ಹಾಕುವುದು ಸೆರ್ವಾಂತೆಸ್‌ನಿಂದ ಬಂದ ಹಳೆಯ ಆಟ. ಆದರೆ ಇಲ್ಲಿ ಆಟದ ಹಿಂದೆ ಒಂದು ಕೊರತೆಯ ಅರಿವಿದೆ. ಅಲಾತ್ರಿಸ್ತೆಯಂಥವರ ದಾಖಲೆ ಇತಿಹಾಸದಲ್ಲಿ ಇಲ್ಲ. ಇಲ್ಲದ ದಾಖಲೆಯನ್ನು ಸೃಷ್ಟಿಸಬೇಕಾಗಿದೆ.

ಮೂರನೆಯ ಸಂಪುಟ ‘ಬ್ರೆದಾದ ಸೂರ್ಯ’ (೧೯೯೮) ಈ ಕೊರತೆಯನ್ನೇ ವಸ್ತುವಾಗಿಸಿಕೊಂಡಿದೆ. ನನ್ನ ಎಣಿಕೆಯಲ್ಲಿ ಮಾಲೆಯ ಅತ್ಯುತ್ತಮ ಕೃತಿ ಇದು. ಡಚ್ಚರ ಬ್ರೆದಾ ಕೋಟೆಯನ್ನು ಆಂಬ್ರೋಸಿಯೊ ಸ್ಪಿನೋಲಾ ೧೬೨೪ರ ಆಗಸ್ಟ್‌ನಲ್ಲಿ ಮುತ್ತಿದ. ೧೬೨೫ರ ಜೂನ್‌ನಲ್ಲಿ ಅದು ಶರಣಾಯಿತು. ಹತ್ತು ವರ್ಷಗಳ ತರುವಾಯ ದಿಯೇಗೊ ವೆಲಾಸ್ಕೆಸ್ ಅರಸನ ಹೊಸ ಅರಮನೆಗಾಗಿ ಆ ಶರಣಾಗತಿಯನ್ನು ಚಿತ್ರಿಸಿದ. ಬೀಗದ ಕೈಯನ್ನು ಒಪ್ಪಿಸಲು ಬಾಗುತ್ತಿರುವ ನಸ್ಸಾವಿನ ಜಸ್ಟಿನ್‌ನ ಹೆಗಲ ಮೇಲೆ ಸ್ಪಿನೋಲಾ ಕೈಯಿಟ್ಟಿದ್ದಾನೆ. ಹಿಂದೆ ಈಟಿಗಳ ಸಾಲು ಆಕಾಶಕ್ಕೆ ನಿಂತಿದೆ. ಈಗ ಮಾದ್ರಿದಿನ ಪ್ರಾದೊ ಸಂಗ್ರಹಾಲಯದಲ್ಲಿರುವ ಈ ಚಿತ್ರ ಗೆದ್ದವರ ಸೌಜನ್ಯವನ್ನು ಜಗತ್ತಿಗೆ ಸಾರುತ್ತ ಬಂದಿದೆ. ಕಾದಂಬರಿ ಆ ಚೌಕಟ್ಟಿನ ಹೊರಗೆ ಉಳಿದದ್ದನ್ನು ಹೇಳುತ್ತದೆ. ಸಂಬಳ ಸಿಗದೆ ದಂಗೆಯೇಳುವ ಸೈನಿಕರು, ಗುರುತಿಗಾಗಿ ಅಂಗಿಯನ್ನು ಕವಚದ ಮೇಲೆ ಹಾಕಿಕೊಂಡು ಇರುಳಿನಲ್ಲಿ ನಡೆಸುವ ದಾಳಿ, ನೆಲದಡಿಯ ಸುರಂಗಗಳಲ್ಲಿ ಉಸಿರುಕಟ್ಟಿ ನಡೆಯುವ ಕೊಲೆ, ಲೂಟಿ: ಇವು ಅದರ ಪುಟಗಳು. ಚಿತ್ರಕಾರನಿಗೆ ವಿವರಗಳನ್ನು ಒದಗಿಸಿದವನು ತಾನೇ ಎಂದು ಇನ್ಯೀಗೊ ಹೇಳುತ್ತಾನೆ. ಕ್ಯಾಪ್ಟನ್ ಆ ಚಿತ್ರದಲ್ಲಿದ್ದಾನೆಂದೂ ಹೇಳುತ್ತಾನೆ. ನಾವು ಹುಡುಕಿದರೆ ಅವನು ಕಾಣುವುದಿಲ್ಲ. ಪುಸ್ತಕದ ಕೊನೆಗೆ ಒಂದು ಕಲ್ಪಿತ ‘ಸಂಪಾದಕರ ಟಿಪ್ಪಣಿ’ ಪಾಂಡಿತ್ಯದ ಗಾಂಭೀರ್ಯದಲ್ಲಿ ಈ ಸಮಸ್ಯೆಯನ್ನು ಚರ್ಚಿಸುತ್ತದೆ. ಸಂಶೋಧಕರ ಟಿಪ್ಪಣಿಗಳನ್ನು ಅಣಕಿಸುವ ಆ ಪುಟಗಳನ್ನು ಸಂಶೋಧಕರೇ ನಗುತ್ತ ಓದಬಹುದು. ನಗುವಿನ ಹಿಂದಿರುವ ಮಾತು ಮಾತ್ರ ಹಗುರವಲ್ಲ. ಚಿತ್ರ ಮುಗಿದ ಎರಡೇ ವರ್ಷಗಳಲ್ಲಿ, ೧೬೩೭ರಲ್ಲಿ, ಡಚ್ಚರು ಬ್ರೆದಾವನ್ನು ಮರಳಿ ಪಡೆದರು. ಅಷ್ಟು ಜೀವಗಳ ಬೆಲೆ ತೆತ್ತು ಗಳಿಸಿದ ಊರು ಹೋಯಿತು, ಚಿತ್ರ ಉಳಿಯಿತು.

ದಾಖಲೆಯ ಪ್ರಶ್ನೆ ಎರಡನೆಯ ಸಂಪುಟ ‘ರಕ್ತಶುದ್ಧಿ’ಯಲ್ಲಿ (೧೯೯೭) ಬೇರೆ ರೂಪದಲ್ಲಿ ಬಂದಿದೆ. ಪೂರ್ವಜರಲ್ಲಿ ಯಹೂದಿಗಳಾಗಲಿ ಮುಸ್ಲಿಮರಾಗಲಿ ಇಲ್ಲವೆಂದು ವಂಶಾವಳಿಯಿಂದ ರುಜುವಾತುಪಡಿಸದವರಿಗೆ ಪದವಿ, ಮಠ, ಗೌರವಗಳು ದುರ್ಲಭವಾಗಿದ್ದ ಕಾಲವದು. ಮತಾಂತರಗೊಂಡ ಕುಟುಂಬವೊಂದರ ಹುಡುಗಿಯನ್ನು ಕನ್ಯಾಮಠದಿಂದ ಬಿಡಿಸುವ ಪ್ರಯತ್ನ ಕೆಡುತ್ತದೆ. ಇನ್ಯೀಗೊ ಧರ್ಮನ್ಯಾಯಾಲಯದ ಸೆರೆಗೆ ಬೀಳುತ್ತಾನೆ. ಅವನನ್ನು ಉಳಿಸುವುದು ಕ್ಯಾಪ್ಟನ್ನನ ಕತ್ತಿಯಲ್ಲ. ಕವಿ ಕೆವೆದೊ ಅರಗೋನ್ ಪ್ರಾಂತಕ್ಕೆ ಧಾವಿಸಿ, ರಾಜನ ಕಾರ್ಯದರ್ಶಿ ಅಲ್ಕೆಸಾರ್‌ನ ವಂಶದಲ್ಲಿಯೇ ಯಹೂದಿ ರಕ್ತವಿದೆ ಎಂಬ ಕಾಗದದ ಸಾಕ್ಷ್ಯವನ್ನು ತರುತ್ತಾನೆ. ಇಡೀ ಸಮಾಜವನ್ನು ಹಿಂಡುತ್ತಿದ್ದ ವಂಶಾವಳಿಯ ಹುಚ್ಚು ಹಿಂಡುವವನ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ. ಕಥನತಂತ್ರವಾಗಿ ಇದು ಸೊಗಸು. ನೀತಿಯಾಗಿ ಅಷ್ಟು ನೆಮ್ಮದಿ ಕೊಡುವಂಥದಲ್ಲ, ಏಕೆಂದರೆ ಹುಡುಗನನ್ನು ಉಳಿಸಲು ಒಳ್ಳೆಯವರೂ ಅದೇ ವಿಷವನ್ನು ಬಳಸಬೇಕಾಗುತ್ತದೆ. ಐತಿಹಾಸಿಕ ಕೆವೆದೊನ ಬರಹಗಳಲ್ಲಿಯೂ ಯಹೂದಿ ದ್ವೇಷ ಧಾರಾಳವಾಗಿತ್ತು ಎಂಬುದನ್ನು ನೆನೆದರೆ ಈ ಕಹಿ ಇನ್ನಷ್ಟು ಹೆಚ್ಚುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ಸ್ಪ್ಯಾನಿಷ್ ರಾಜ ಅಕಾಡೆಮಿಗೆ ಆಯ್ಕೆಯಾದ ಪೆರೆಸ್-ರೆವೆರ್ತೆ ೨೦೦೩ರ ಜೂನ್‌ನಲ್ಲಿ ಮಾಡಿದ ಪ್ರವೇಶಭಾಷಣಕ್ಕೆ ಆರಿಸಿಕೊಂಡ ವಿಷಯ ಹದಿನೇಳನೆಯ ಶತಮಾನದ ಒಬ್ಬ ಬೀದಿ ಭಂಟನ ಮಾತು. ಕಳ್ಳರು, ಜೂಜುಕೋರರು, ಸೆರೆಯಾಳುಗಳು ಆಡುತ್ತಿದ್ದ ‘ಹೆರ್ಮಾನೀಯ’ ಎಂಬ ಗುಪ್ತಭಾಷೆಗೆ ೧೬೦೯ರಲ್ಲೇ ಹುವಾನ್ ಹಿದಾಲ್ಗೊ ಎಂಬವನ ಹೆಸರಿನಲ್ಲಿ ಪದಕೋಶವೊಂದು ಅಚ್ಚಾಗಿತ್ತು. ಕೆವೆದೊ ಈ ಭಾಷೆಯಲ್ಲಿ ಲಾವಣಿಗಳನ್ನೇ ಬರೆದಿದ್ದ. ಸೆವಿಲ್ಲಾದ ಸೆರೆಮನೆಯಿಂದಲೂ, ಬಂಧನವನ್ನು ತಪ್ಪಿಸಿಕೊಂಡವರು ಆಶ್ರಯ ಪಡೆಯುತ್ತಿದ್ದ ಪ್ರಧಾನ ಚರ್ಚಿನ ಕಿತ್ತಳೆ ಅಂಗಳದಿಂದಲೂ ಆಳುಗಳನ್ನು ಕಲೆಹಾಕುವ ‘ಅರಸನ ಚಿನ್ನ’ದ (೨೦೦೦) ಅಧ್ಯಾಯಗಳಲ್ಲಿ ಈ ನುಡಿ ತನ್ನ ಪೂರ್ಣ ಖಾರದೊಡನೆ ಬಂದಿದೆ. ಲೇಖಕರು ಹಳೆಯ ಭಾಷೆಯನ್ನು ಇಡಿಯಾಗಿ ನಕಲು ಮಾಡಿಲ್ಲ. ಇಂದಿನ ವಾಕ್ಯರಚನೆಯ ಮೇಲೆ ಅಂದಿನ ಆಣೆಗಳು, ಬೈಗುಳಗಳು, ಸಂಬೋಧನೆಗಳನ್ನು ಕೂರಿಸಿದ್ದಾರೆ.

ಸಂಬೋಧನೆಗಳ ವಿಚಾರದಲ್ಲಿ ಒಂದು ಮಾತು. ಆ ಸಮಾಜದಲ್ಲಿ ‘ತಮ್ಮ ಕೃಪೆ’ ಎಂಬರ್ಥದ ಗೌರವಪದದಿಂದ ಕರೆಯಬೇಕಾದವನನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸರ್ವನಾಮದಿಂದ ಕರೆದರೆ ಕತ್ತಿ ಹಿರಿಯಲು ಅದಷ್ಟೇ ಸಾಕಿತ್ತು. ಮಾಲೆಯ ಸಂಭಾಷಣೆಗಳಲ್ಲಿ ಯಾರು ಯಾರನ್ನು ಯಾವ ಪದದಿಂದ ಮಾತಾಡಿಸುತ್ತಾರೆ ಎಂಬುದರಲ್ಲೇ ಬೆದರಿಕೆ, ತಾತ್ಸಾರ, ಅಪರೂಪಕ್ಕೆ ವಾತ್ಸಲ್ಯ ಅಡಗಿವೆ. ಮಾರ್ಗರೆಟ್ ಸೇಯರ್ಸ್ ಪೆಡೆನ್ ಮತ್ತು ಮಾರ್ಗರೆಟ್ ಜಲ್ ಕೋಸ್ಟಾ ಅವರ ಇಂಗ್ಲಿಷ್ ಅನುವಾದಗಳು ಒಳ್ಳೆಯವೇ ಆದರೂ ಎಲ್ಲರನ್ನೂ ಒಂದೇ ಸರ್ವನಾಮದಿಂದ ಕರೆಯುವ ಭಾಷೆಯಲ್ಲಿ ಈ ಮೆಟ್ಟಿಲುಗಳು ಮಸುಕಾಗುತ್ತವೆ. ನೀನು, ನೀವು, ತಾವು ಎಂಬ ಮೂರು ಹಂತಗಳುಳ್ಳ ಕನ್ನಡಕ್ಕೆ ನೇರವಾಗಿ ಮೂಲದಿಂದ ತರುವವರಿಗೆ ಈ ಕಷ್ಟವಿರದು. ಇಂಗ್ಲಿಷಿನ ಮೂಲಕ ತಂದರೆ ನಮ್ಮಲ್ಲಿರುವ ಅನುಕೂಲವನ್ನು ನಾವೇ ಕಳೆದುಕೊಂಡಂತೆ.

ಇನ್ನು ಮೊದಲು ಎತ್ತಿದ ಸಂಶಯ. ಮಾಲೆಯುದ್ದಕ್ಕೂ ಒಂದು ಪಲ್ಲವಿ ಕೇಳಿಬರುತ್ತದೆ: ಅರಸರು ನಿಷ್ಪ್ರಯೋಜಕರು, ಮಂತ್ರಿಗಳು ಲಂಚಕೋರರು, ಧರ್ಮಾಧಿಕಾರಿಗಳು ಕ್ರೂರಿಗಳು, ಆದರೆ ಸಿಪಾಯಿ ಮಾತ್ರ ಹಸಿದ ಹೊಟ್ಟೆಯಲ್ಲಿಯೂ ಮಾನವಂತ. ಅರಸನನ್ನು ದೂರಿ ಆಳನ್ನು ಮೆಚ್ಚುವ ಈ ವಿಂಗಡಣೆ ಕೇಳಲು ಹಿತವಾಗಿದೆ, ಪೂರ್ತಿ ಪ್ರಾಮಾಣಿಕವಾಗಿಲ್ಲ. ಫ್ಲಾಂಡರ್ಸಿನ ರೈತನ ಪಾಲಿಗೆ ಅವನ ಹೊಲ ಸುಟ್ಟವನು ಒಲಿವಾರೆಸ್ ಅಲ್ಲ, ಈ ಮಾನವಂತನೇ. ಮೊದಲ ಐದು ಸಂಪುಟಗಳಲ್ಲಿ ಇನ್ಯೀಗೊ ಈ ಸತ್ಯವನ್ನು ಬಲ್ಲನಾದರೂ ಅದರ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ಅವನು ನಿಲ್ಲುವುದು ಆರನೆಯ ಸಂಪುಟದಲ್ಲಿ.

‘ಲೆವಾಂತಿನ ಕಡಲದಾಳಿಕಾರರು’ (೨೦೦೬) ಮೆಡಿಟರೇನಿಯನ್ನಿನ ಕಥೆ. ‘ಮುಲಾತಾ’ ಎಂಬ ಹುಟ್ಟುಗೋಲಿನ ಯುದ್ಧನೌಕೆಯಲ್ಲಿ ಅಲಾತ್ರಿಸ್ತೆಯೂ ಈಗ ಸ್ವತಃ ಸಿಪಾಯಿಯಾಗಿರುವ ಇನ್ಯೀಗೊನೂ ಇದ್ದಾರೆ. ಹುಟ್ಟುಹಾಕುವವರು ಸರಪಳಿ ಬಿಗಿದ ಗುಲಾಮರು ಮತ್ತು ಶಿಕ್ಷಿತರು. ಒರಾನಿನ ಸ್ಪ್ಯಾನಿಷ್ ಠಾಣ್ಯದವರು ಸುತ್ತಣ ಬಿಡಾರಗಳ ಮೇಲೆ ಬಿದ್ದು, ಹೆಂಗಸರು ಮಕ್ಕಳನ್ನೂ ಹಿಡಿದು ಮಾರಿ ಹಣವನ್ನು ಹಂಚಿಕೊಳ್ಳುವ ದಾಳಿಯಲ್ಲಿ ನಮ್ಮ ನಾಯಕರೂ ಪಾಲುದಾರರು. ಇಲ್ಲಿ ದೂರಲು ಮಂತ್ರಿಯಿಲ್ಲ, ಸಂನ್ಯಾಸಿಯಿಲ್ಲ. ಬಡಸಿಪಾಯಿ ತನಗಿಂತ ಬಡವನನ್ನು ಮಾರಿ ಬದುಕುತ್ತಿದ್ದಾನೆ. ೧೬೦೯ರಿಂದ ೧೬೧೪ರ ನಡುವೆ ಸುಮಾರು ೩ ಲಕ್ಷ ಮೊರಿಸ್ಕೊ ಜನರನ್ನು ಸ್ಪೇನ್ ಹುಟ್ಟಿದ ನೆಲದಿಂದ ಹೊರಗಟ್ಟಿತ್ತು. ಕಾದಂಬರಿಯ ಕಡಲಿನಲ್ಲಿ ಎದುರಾಗುವ ಶತ್ರುಗಳಲ್ಲಿ ಆ ಹೊರದಬ್ಬಿಸಿಕೊಂಡವರೂ ಇದ್ದಾರೆ, ತಾವು ಕಳೆದುಕೊಂಡ ದೇಶದ ಭಾಷೆಯನ್ನೇ ಆಡುತ್ತಾರೆ. ಈ ಹಡಗಿನಲ್ಲೇ ಗುರ್ರಿಯಾತೊ ಎಂಬ ಉತ್ತರ ಆಫ್ರಿಕಾದವನು ಸ್ವಂತ ಇಚ್ಛೆಯಿಂದ ಅಲಾತ್ರಿಸ್ತೆಯ ಜೊತೆಗೂಡುತ್ತಾನೆ. ಅವನಿಗೆ ರಾಜನೂ ಧರ್ಮವೂ ಬೇಕಾಗಿಲ್ಲ, ಆರಿಸಿಕೊಂಡ ಮನುಷ್ಯ ಸಾಕು. ‘ನಮ್ಮವರು’ ಎಂಬ ಪದದ ಅರ್ಥ ಈ ಸಂಪುಟದಲ್ಲಿ ಅಲುಗಾಡುತ್ತದೆ. ಕ್ಯಾಪ್ಟನ್ನನ ಮೇಲಿನ ಇನ್ಯೀಗೊನ ಆರಾಧನೆಯೂ ಇಲ್ಲೇ ಬಿರುಕುಬಿಡುವುದು ಆಕಸ್ಮಿಕವಲ್ಲ. ವೈಭವಗಾನದ ಆರೋಪಕ್ಕೆ ಮಾಲೆ ಕೊಡುವ ನಿಜವಾದ ಉತ್ತರ ಈ ಕೃತಿ. ಆ ಉತ್ತರ ಬರಲು ಹತ್ತು ವರ್ಷ ಬೇಕಾಯಿತು ಎಂಬುದನ್ನೂ ಹೇಳಬೇಕು.

ಇಲ್ಲಿ ಒಂದು ಸಣ್ಣ ವಿಷಯಾಂತರ ಕ್ಷಮ್ಯವೆಂದು ಭಾವಿಸುತ್ತೇನೆ. ೧೫೮೦ರಿಂದ ೧೬೪೦ರವರೆಗೆ ಪೋರ್ಚುಗಲ್ ಸ್ಪೇನಿನ ಅರಸರ ಕೆಳಗಿತ್ತು. ಆದ್ದರಿಂದ ಗೋವೆಯೂ, ಅಂದು ಪೋರ್ಚುಗೀಸರ ಕೈಯಲ್ಲಿದ್ದ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳೂ ಅಲಾತ್ರಿಸ್ತೆಯ ಅರಸನವೇ. ಮೊದಲ ಕಾದಂಬರಿ ನಡೆಯುವ ೧೬೨೩ರ ಕೊನೆಯ ಭಾಗದಲ್ಲಿ ಗೋವೆಯ ವೈಸ್‌ರಾಯನ ರಾಯಭಾರಿಯೊಬ್ಬ ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ಇಕ್ಕೇರಿಗೆ ಬಂದ. ಅವನೊಡನೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು ನಮ್ಮ ಇತಿಹಾಸಕಾರರಿಗೆ ಚಿರಪರಿಚಿತ. ಮಾಲೆ ಈ ದಿಕ್ಕಿಗೆ ಕಥೆಯನ್ನು ಹೂಡಿಲ್ಲ. ಅಮೆರಿಕದಿಂದ ಬರುವ ಚಿನ್ನಬೆಳ್ಳಿಯೂ ಸೆವಿಲ್ಲಾದ ದಂಡೆಗೆ ಮುಟ್ಟಿದ ಮೇಲಷ್ಟೇ ಅದರ ಕಣ್ಣಿಗೆ ಬೀಳುತ್ತದೆ. ಗಣಿಯಲ್ಲಿ ಅದನ್ನು ಅಗೆದವರು ಈ ಸಂಪುಟಗಳ ಹೊರಗೇ ಇದ್ದಾರೆ. ಸಾಮ್ರಾಜ್ಯದ ಅವನತಿಯನ್ನು ಬರೆಯುವಾಗ ಯುರೋಪನ್ನೂ ಅದರ ಕಡಲನ್ನೂ ದಾಟದಿರುವುದು ಈ ಮಾಲೆಯ ದೊಡ್ಡ ಮಿತಿ ಎಂದು ನನಗೆ ತೋರುತ್ತದೆ.

ಉಳಿದ ದೋಷಗಳು ಪ್ರಕಾರಕ್ಕೆ ಸಹಜವಾದವು. ಇನ್ಯೀಗೊನ ಪ್ರೇಯಸಿಯೂ ವೈರಿಯೂ ಆದ ಆಂಹೆಲಿಕಾ ದೆ ಅಲ್ಕೆಸಾರ್ ಮುದುಕನ ನೆನಪಿನಲ್ಲಿ ನೀಲಿ ಕಣ್ಣಿನ ಒಂದು ಚಿತ್ರವಾಗಿಯೇ ಉಳಿಯುತ್ತಾಳೆ. ಅವಳಿಗೂ ಒಳಮನಸ್ಸಿರಬಹುದೆಂಬ ಕುತೂಹಲ ನಿರೂಪಕನಿಗೆ ಇಲ್ಲ. ಮಾಲತೆಸ್ತಾನ ಸಿಳ್ಳೆ ಕೇಳಿದಾಗಲೆಲ್ಲ ಮೈನವಿರೇಳಬೇಕಾದದ್ದು ನಾಲ್ಕನೆಯ ಸಲಕ್ಕೆ ರೂಢಿಯಾಗಿಬಿಡುತ್ತದೆ. ರಂಗಭೂಮಿಯ ಸುತ್ತ ಹೆಣೆದ ‘ಹಳದಿ ಅಂಗಿಯ ಸರದಾರ’ (೨೦೦೩) ಲವಲವಿಕೆಯಿಂದ ಓದಿಸಿಕೊಳ್ಳುತ್ತದೆ. ವೆನಿಸ್ಸಿನ ಪಿತೂರಿಯನ್ನು ಹೇಳುವ ‘ಕೊಲೆಗಡುಕರ ಸೇತುವೆ’ಯಲ್ಲಿ (೨೦೧೧) ಸಿದ್ಧತೆಗಿರುವ ಬಿಗುವು ಪರಿಣಾಮಕ್ಕಿಲ್ಲ.

ಆಗುಸ್ತಿನ್ ದಿಯಾಸ್ ಯಾನೆಸ್ ನಿರ್ದೇಶಿಸಿದ ೨೦೦೬ರ ಚಲನಚಿತ್ರ ಅಲ್ಲಿಯವರೆಗಿನ ಸಂಪುಟಗಳನ್ನು ಒಟ್ಟುಗೂಡಿಸಿ, ಲೇಖಕರು ಇನ್ನೂ ಬರೆಯದಿದ್ದ ರೊಕ್ರುವಾದಲ್ಲಿ ಕಥೆಯನ್ನು ಮುಗಿಸಿತು. ಪುಸ್ತಕಗಳು ಅಷ್ಟು ಆತುರಪಟ್ಟಿಲ್ಲ. ಹದಿನಾಲ್ಕು ವರ್ಷಗಳ ಬಿಡುವಿನ ಬಳಿಕ ೨೦೨೫ರಲ್ಲಿ ಪ್ರಕಟವಾದ ಎಂಟನೆಯ ಸಂಪುಟ ‘ಪ್ಯಾರಿಸಿನ ಕಾರ್ಯಭಾರ’ ೧೬೨೮ರ ಕಥೆ. ಕ್ಯಾಪ್ಟನ್, ಇನ್ಯೀಗೊ, ಕೆವೆದೊ ಈಗ ರಿಷೆಲ್ಯೂ ಆಳುತ್ತಿರುವ ಫ್ರಾನ್ಸಿನಲ್ಲಿದ್ದಾರೆ, ಡ್ಯೂಮಾನ ಮಸ್ಕೆಟೀರರು ಓಡಾಡಿದ ಬೀದಿಗಳಲ್ಲಿ. ರೊಕ್ರುವಾಕ್ಕೆ ಇನ್ನೂ ಹದಿನೈದು ವರ್ಷಗಳಿವೆ.